ಮರದ ಹುಲಿಯ ಪಯಣ

ಜಾತ್ರೆಗೆ ಹೋದ ಹುಡುಗನ ಕೈಯಲ್ಲಿ ನಾಲ್ಕು ಕಾಸಿದ್ದರೆ ಅವು ಎಲ್ಲಿ ಹೋಗುತ್ತವೆಂಬುದನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಎರಡು ಬೆಂಡು-ಬೆತ್ತಾಸಕ್ಕೆ, ಇನ್ನೆರಡು, ತಿರುಗುವ, ಕುಣಿಯುವ, ಸದ್ದು ಮಾಡುವ ಯಾವುದಾದರೊಂದು ಯಂತ್ರಕ್ಕೆ. ರೈಲು ನಿಲ್ದಾಣಗಳಲ್ಲಿದ್ದ ತೂಕದ ಯಂತ್ರವನ್ನು ನೆನೆಯಿರಿ. ಮೇಲೆ ಹತ್ತಿ ನಿಂತು ನಾಣ್ಯ ಹಾಕಿದೊಡನೆ ಬಣ್ಣಬಣ್ಣದ ದೀಪಗಳು ಮಿನುಗಿ, ಒಳಗೇನೋ ಗಡಗಡಿಸಿ, ಕೊನೆಗೆ 'ಟಕ್' ಎಂದು ಒಂದು ದಪ್ಪ ಚೀಟಿ ಬೀಳುತ್ತಿತ್ತು. ಅದರಲ್ಲಿ ನಮ್ಮ ತೂಕವೂ ಇರುತ್ತಿತ್ತು, ಭವಿಷ್ಯವೂ ಇರುತ್ತಿತ್ತು. ತೂಕ ತಿಳಿಯಬೇಕೆಂದು ಹತ್ತಿದವರು ಕಡಿಮೆ. ದೀಪ ಮಿನುಗುವುದನ್ನು ನೋಡಬೇಕೆಂದು ಹತ್ತಿದವರೇ ಹೆಚ್ಚು.

ಪರದೇಶಗಳಲ್ಲಿ ಇಂಥ ಆಟದ ಯಂತ್ರಗಳನ್ನೇ ಸಾಲಾಗಿ ನಿಲ್ಲಿಸಿದ ಅಂಗಡಿಗಳುಂಟು. ಅವನ್ನು ಆರ್ಕೇಡ್ ಎನ್ನುತ್ತಾರೆ. 1972ರಲ್ಲಿ ಅಮೆರಿಕದ ಅಟಾರಿ ಸಂಸ್ಥೆಯವರು 'ಪಾಂಗ್' ಎಂಬ ಚೆಂಡಾಟದ ಯಂತ್ರವನ್ನೂ, 1978ರಲ್ಲಿ ಜಪಾನಿನ ಟೈಟೊ ಸಂಸ್ಥೆಯವರು 'ಸ್ಪೇಸ್ ಇನ್ವೇಡರ್ಸ್' ಎಂಬ ಯುದ್ಧದಾಟದ ಯಂತ್ರವನ್ನೂ ಹೊರತಂದಾಗ ಮಕ್ಕಳೇನು, ದೊಡ್ಡವರೂ ಮುಗಿಬಿದ್ದರು. ಮುಂದೆ ಆಟವೆಲ್ಲ ಮನೆಯೊಳಕ್ಕೂ ಅಂಗೈಯೊಳಕ್ಕೂ ಬಂದಿತು. ಬೀರುವಿನಷ್ಟು ಎತ್ತರದ ಆ ಯಂತ್ರಗಳು ಗೋದಾಮು ಸೇರಿದವು. ಈಗ ಕೆಲವರು ಅವನ್ನು ಹುಡುಕಿಕೊಂಡು ಹೋಗಿ, ಧೂಳು ಕೊಡವಿ, ನೂರಾರು ಮೈಲಿ ಲಾರಿಯಲ್ಲಿ ಹೊತ್ತು ತಂದು ಮತ್ತೆ ನಡೆಸುತ್ತಾರೆ. ಕೇಳಿದವರು ಇದೇನು ಹುಚ್ಚು ಎಂದಾರು. ನಾನು ಹಾಗೆನ್ನಲಾರೆ. ಆದರೆ ಒಂದು ಪ್ರಶ್ನೆಯನ್ನು ನಿಮ್ಮ ಮುಂದಿಡುತ್ತೇನೆ: ಹಳೆಯ ಯಂತ್ರವನ್ನು ಉಳಿಸಿ ತಂದೆವು ಎನ್ನುವಾಗ ನಾವು ನಿಜವಾಗಿ ಉಳಿಸಿ ತಂದದ್ದು ಏನನ್ನು?

ಇದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. ಜಗತ್ತಿನ ಅತಿ ಹೆಸರಾದ ಆಟದ ಯಂತ್ರಗಳಲ್ಲಿ ಒಂದು ನಮ್ಮ ಕನ್ನಡ ನೆಲದ್ದೇ. ಅದೇ ಟಿಪ್ಪು ಸುಲ್ತಾನನ ಮರದ ಹುಲಿ.

ಗಂಗಾವತಿ ಸೀಮೆಯ ನಮಗೆ ಆ ಸುಲ್ತಾನನ ನೆನಪು ಕಲ್ಲಿನಲ್ಲಿದೆ. ಇಲ್ಲಿಂದ ಪಡುವಣಕ್ಕೆ ಹೋದರೆ ಕೊಪ್ಪಳದ ಕೋಟೆ. 1786ರಲ್ಲಿ ಅದು ಒಬ್ಬ ಪಾಳೆಯಗಾರನ ಕೈಯಿಂದ ಟಿಪ್ಪುವಿನ ಕೈಗೆ ಬಂದಿತು. ಫ್ರೆಂಚ್ ಎಂಜಿನಿಯರುಗಳ ನೆರವಿನಿಂದ ಆತ ಅದನ್ನು ಹೊಸದಾಗಿ ಬಲಪಡಿಸಿದ. ಮೂರನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷರೂ ನಿಜಾಮನೂ ಕೂಡಿ ಅದನ್ನು ಮುತ್ತಿ ಗೆದ್ದರು. ಕೋಟೆ ಇದ್ದಲ್ಲೇ ಇದೆ. ಕಲ್ಲನ್ನು ಹೊತ್ತುಕೊಂಡು ಹೋಗುವವರಾರು? ಹುಲಿಯ ಕಥೆ ಹಾಗಲ್ಲ.

ಮೊದಲು ಅದರ ರೂಪವನ್ನು ಕಣ್ಣಮುಂದೆ ತಂದುಕೊಳ್ಳಿ. ಕೆಂಪಂಗಿ ತೊಟ್ಟು ಟೋಪಿಯಿಟ್ಟ ಒಬ್ಬ ಐರೋಪ್ಯ ಅಂಗಾತ ಬಿದ್ದಿದ್ದಾನೆ. ಅವನೆದೆಯ ಮೇಲೆ ಹುಲಿಯೊಂದು ಎರಗಿ ಕುತ್ತಿಗೆಗೆ ಬಾಯಿ ಹಾಕಿದೆ. ಎಲ್ಲವೂ ಮರ, ಮೇಲೆ ಬಣ್ಣ. ಉದ್ದ 172 ಸೆಂಟಿಮೀಟರು, ಎತ್ತರ 71 ಸೆಂಟಿಮೀಟರು. ಎಂದರೆ ಮನುಷ್ಯ ಹೆಚ್ಚು ಕಡಿಮೆ ಆಳುದ್ದವೇ ಇದ್ದಾನೆ. ಕೊಪ್ಪಳದ ಹತ್ತಿರದ ಕಿನ್ನಾಳದಲ್ಲಿ ಚಿತ್ರಗಾರರು ಹಗುರ ಮರದ ತುಂಡುಗಳನ್ನು ಜೋಡಿಸಿ, ಹುಣಿಸೆಬೀಜದ ಅಂಟಿನಲ್ಲಿ ಹೊಟ್ಟು ಕಲಸಿ ಮೆತ್ತಿ, ಬಣ್ಣ ಬಳಿದು ಗೊಂಬೆ ಮಾಡುವುದನ್ನು ನೀವು ನೋಡಿದ್ದರೆ, ಬಣ್ಣದ ಮರದ ಮೈಗೆ ಎಂಥ ಜೀವಕಳೆ ಬರಬಲ್ಲುದೆಂಬುದನ್ನು ಊಹಿಸಬಲ್ಲಿರಿ.

ಆದರೆ ಈ ಹುಲಿ ಬರಿಯ ಬೊಂಬೆಯಲ್ಲ, ಯಂತ್ರ. ಪಕ್ಕದಲ್ಲಿ ಒಂದು ಹಿಡಿ. ಅದನ್ನು ತಿರುವಿದರೆ ಒಳಗಿನ ತಿದಿಗಳು ಉಸಿರಾಡುತ್ತವೆ. ನಮ್ಮ ಕಮ್ಮಾರಸಾಲೆಯ ತಿದಿಯೇ. ಆದರೆ ಇಲ್ಲಿ ಗಾಳಿ ಹೋಗುವುದು ಕೆಂಡಕ್ಕಲ್ಲ, ಕೊಳವೆಗೆ. ಮನುಷ್ಯನ ಎದೆಯಲ್ಲಿರುವ ತಿದಿಯ ಗಾಳಿ ಅವನ ಗಂಟಲಿನ ಕೊಳವೆಯಿಂದ ಹೊರಟು ನರಳಾಟವಾಗುತ್ತದೆ. ಜೊತೆಗೆ ಅವನ ಎಡಗೈ ಬಾಯ ಬಳಿಗೆ ಏರಿ ಇಳಿಯುತ್ತದೆ. ಕೈ ಏರಿಳಿದಂತೆ ಆ ನರಳಾಟದ ಸ್ವರವೂ ಏರಿಳಿಯುತ್ತದೆ. ಹುಲಿಯ ತಲೆಯೊಳಗಿನ ಇನ್ನೊಂದು ಕೊಳವೆ ಎರಡು ಸ್ವರದಲ್ಲಿ ಗುರುಗುಟ್ಟುತ್ತದೆ. ಇಷ್ಟೂ ಒಂದೇ ಹಿಡಿಯ ತಿರುವಿಗೆ. ಇದರ ಮೇಲೆ, ಹುಲಿಯ ಎಡಮಗ್ಗುಲಿನ ಒಂದು ಹಲಗೆಯನ್ನು ತೆರೆದರೆ ಒಳಗೆ ಚಿಕ್ಕದೊಂದು ಆರ್ಗನ್ ವಾದ್ಯ. ಅದಕ್ಕೆ ದಂತದ 18 ಗುಂಡಿಗಳು. ಒಬ್ಬನು ಹಿಡಿ ತಿರುವುತ್ತಿರಲು ಇನ್ನೊಬ್ಬನು ಬೆರಳಾಡಿಸಿ ಅದರಲ್ಲಿ ಹಾಡು ನುಡಿಸಬಹುದು. ಭಯವೂ ನಗೆಯೂ ಸಂಗೀತವೂ ಒಂದೇ ಹೊಟ್ಟೆಯಲ್ಲಿ! ಕೋಟೆ ಕಟ್ಟುವಲ್ಲಿದ್ದಂತೆ ಈ ವಾದ್ಯದ ರಚನೆಯಲ್ಲಿಯೂ ಫ್ರೆಂಚರ ಕೈವಾಡವಿದ್ದೀತೆಂದು ಹಲವು ವಿದ್ವಾಂಸರು ಭಾವಿಸುತ್ತಾರೆ.

ಹುಲಿಯೆಂಬುದು ಟಿಪ್ಪುವಿನ ಲಾಂಛನ. ಆತನ ಸಿಂಹಾಸನದಲ್ಲಿ ಹುಲಿ, ಸೈನಿಕರ ಉಡುಪಿನಲ್ಲಿ ಹುಲಿಯ ಪಟ್ಟೆ. ಬಿದ್ದ ಐರೋಪ್ಯನಾರು ಎಂಬುದಕ್ಕೆ ಒಂದು ಕಥೆಯನ್ನು ಹೇಳುವುದುಂಟು. ಹೈದರನ ಕಾಲದಲ್ಲಿ ಮೈಸೂರಿನ ಮೇಲೆ ಕಾದಾಡಿದ ಸೇನಾಪತಿ ಸರ್ ಹೆಕ್ಟರ್ ಮನ್ರೋ ಎಂಬವನ ಮಗ 1792ರ ಡಿಸೆಂಬರಿನಲ್ಲಿ ಬಂಗಾಳದ ಸಾಗರ ದ್ವೀಪದಲ್ಲಿ ಹುಲಿಯ ಬಾಯಿಗೆ ಬಿದ್ದ. ಅದೇ ಈ ಯಂತ್ರಕ್ಕೆ ಪ್ರೇರಣೆಯೆಂದು. ಒಪ್ಪುವವರೂ ಇದ್ದಾರೆ, ಒಪ್ಪದವರೂ ಇದ್ದಾರೆ. ಆಳಿದವನ ಆಟಿಕೆಯಲ್ಲಿ ಅವನ ಹಗೆತನವೂ ಮೈದಾಳಿತ್ತೆಂಬುದಂತೂ ದಿಟ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು; ಟಿಪ್ಪು ಮಡಿದ. ಗೆದ್ದ ಸೇನೆ ಅರಮನೆಯ ಸೊತ್ತನ್ನು ಪಟ್ಟಿ ಮಾಡಿ ಹಂಚಿಕೊಳ್ಳತೊಡಗಿತು. ಇಲ್ಲಿ ನೀವು ತುಸು ನಿಂತು ಯೋಚಿಸಬೇಕಾದ ಒಂದು ಸಂಗತಿಯಿದೆ. ಸುಲ್ತಾನನ ಸಿಂಹಾಸನಕ್ಕೆ ಬಂಗಾರದ ತಗಡು ಹೊದಿಸಿತ್ತು. ಅದನ್ನು ಇಡಿಯಾಗಿ ಉಳಿಸುವ ಮಾತು ಬರುವಷ್ಟರಲ್ಲಿ ಹಂಚಿಕೆಯವರು ಅದನ್ನು ತುಂಡುತುಂಡಾಗಿ ಕಡಿದುಬಿಟ್ಟಿದ್ದರು. ಅದರ ಹುಲಿಮುಖಗಳು ಈಗ ಒಂದೊಂದು ಒಂದೊಂದು ಕಡೆ ಇವೆ. ಸಂಗೀತಶಾಲೆಯಲ್ಲಿ ಸಿಕ್ಕ ಮರದ ಹುಲಿಯೋ? ಅದರಲ್ಲಿ ಕಡಿದು ಹಂಚಿಕೊಳ್ಳುವ ಬಂಗಾರವಿರಲಿಲ್ಲ. ಬೆಲೆಯಿದ್ದದ್ದು ಚೂರಾಯಿತು, ಬೆಲೆಯಿಲ್ಲದ್ದು ಇಡಿಯಾಗಿ ಉಳಿಯಿತು. ಹಳೆಯ ವಸ್ತುಗಳ ಹಣೆಬರಹವೇ ಹೀಗೆ.

ಗವರ್ನರ್ ಜನರಲ್ ಲಾರ್ಡ್ ಮಾರ್ನಿಂಗ್ಟನ್ ಹುಲಿಯನ್ನು ಲಂಡನ್ನಿನ ಗೋಪುರದಲ್ಲಿ, ಎಂದರೆ ಟವರ್ ಆಫ್ ಲಂಡನ್ನಿನಲ್ಲಿ, ಇಡತಕ್ಕದ್ದೆಂದು ಬರೆದು ಹಡಗಿನಲ್ಲಿ ಕಳಿಸಿಕೊಟ್ಟ. ಅದು ಸೇರಿದ್ದು ಗೋಪುರವನ್ನಲ್ಲ, ಈಸ್ಟ್ ಇಂಡಿಯಾ ಕಂಪೆನಿಯ ಕಚೇರಿಯನ್ನು. 1808ರಲ್ಲಿ ಲೆಡನ್‌ಹಾಲ್ ಬೀದಿಯ ಆ ಕಟ್ಟಡದ ವಾಚನಾಲಯದಲ್ಲಿ ಹುಲಿಯನ್ನು ಜನರ ನೋಟಕ್ಕೆ ಇಟ್ಟರು. ಬಂದವರು ತಾವೇ ಹಿಡಿಯನ್ನು ತಿರುವಬಹುದಾಗಿತ್ತು. ಅಂದಮೇಲೆ ಕೇಳಬೇಕೆ? ಕಾಸಿಲ್ಲದ ಆಟ! ದಿನವಿಡೀ ಹುಲಿ ಗುರುಗುಟ್ಟಿತು, ಮನುಷ್ಯ ನರಳಿದ. ಒಂದು ಮೂಲೆಯಲ್ಲಿ ಕುಳಿತು ಸಂಸ್ಕೃತ, ಪಾರಸಿ ಗ್ರಂಥಗಳನ್ನು ಓದಬೇಕೆಂದು ಬಂದ ಪಂಡಿತರ ಪಾಡನ್ನು ನೀವೇ ಊಹಿಸಿ. ಪತ್ರಿಕೆಯಲ್ಲಿ ದೂರು ಕೂಡ ಬಂದಿತು. ಕೀಟ್ಸ್ ಕವಿ 1819ರಲ್ಲಿ ಬರೆದ ಒಂದು ಕಾವ್ಯದಲ್ಲಿ ಈ ಯಂತ್ರ ಇಣುಕುತ್ತದೆ. ಫ್ರಾನ್ಸಿನ ಕಾದಂಬರಿಕಾರ ಫ್ಲೋಬೇರ್ 1851ರಲ್ಲಿ ಲಂಡನ್ನಿಗೆ ಬಂದಾಗ ಇದನ್ನು ನೋಡಿದ.

ಜನರ ಪ್ರೀತಿಯೇ ಹುಲಿಗೆ ಮುಳುವಾಯಿತು. ಸಾವಿರಾರು ಕೈಗಳು ತಿರುವಿದ ಹಿಡಿ 1860ರ ದಶಕದ ಕೊನೆಯ ಹೊತ್ತಿಗೆ ಇಲ್ಲವಾಗಿತ್ತು. ಒಳಗಿನ ಅಂಗಗಳೂ ಕೆಟ್ಟಿದ್ದವು. ಸದ್ದು ಅಡಗಿತೆಂದು ದೂರು ಬರೆದ ಪತ್ರಿಕೆಗೆ ಸಮಾಧಾನವೇ ಆಯಿತು! ಅಷ್ಟರಲ್ಲಿ ಕಂಪೆನಿಯ ಆಳ್ವಿಕೆಯೂ 1858ರಲ್ಲಿ ಮುಗಿದಿತ್ತು. ಹುಲಿಯ ಅಲೆದಾಟ ಮೊದಲಾಯಿತು. ಕೆಲಕಾಲ ಫೈಫ್ ಹೌಸ್, 1868ರಿಂದ ಇಂಡಿಯಾ ಆಫೀಸು, 1874ರಿಂದ ಸೌತ್ ಕೆನ್ಸಿಂಗ್‌ಟನ್ನಿನ ಇಂಡಿಯಾ ಮ್ಯೂಸಿಯಂ. 1880ರಲ್ಲಿ ಈಗಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನ ಸೊತ್ತಾಗಿ ನೆಲೆನಿಂತಿತು.

ನೆಲೆನಿಂತ ಮೇಲೂ ಗಂಡಾಂತರ ತಪ್ಪಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಜರ್ಮನರ ಬಾಂಬಿಗೆ ಮ್ಯೂಸಿಯಮ್ಮಿನ ಮಾಡು ಕುಸಿದು ಹುಲಿಯ ಮೇಲೆ ಬಿದ್ದಿತು. ಮರದ ಮೈ ಒಡೆದು ನೂರಾರು ಚೂರಾಯಿತು. ಯಾರಾದರೂ ಕಸವೆಂದು ಗುಡಿಸಿ ಹಾಕಬಹುದಾಗಿತ್ತು. ಹಾಗೆ ಮಾಡಲಿಲ್ಲ. ಚೂರುಗಳನ್ನು ಆಯ್ದು, ಒಂದಕ್ಕೊಂದು ಹೊಂದಿಸಿ, ಯುದ್ಧ ಮುಗಿದ ಮೇಲೆ 1947ರ ಹೊತ್ತಿಗೆ ಹುಲಿಯನ್ನು ಮತ್ತೆ ನಿಲ್ಲಿಸಿದರು. 1955ರಲ್ಲಿ ಅದು ಮತ್ತೊಮ್ಮೆ ಕಡಲು ದಾಟಿ ನ್ಯೂಯಾರ್ಕಿನ ಪ್ರದರ್ಶನಕ್ಕೂ ಹೋಗಿಬಂದಿತು. ಈಗ ಗಾಜಿನ ಪೆಟ್ಟಿಗೆಯೊಳಗಿದೆ. ಹೋದವರೆಲ್ಲ ಹಿಡಿ ತಿರುವುವಂತಿಲ್ಲ.

ಹೊತ್ತೊಯ್ದವರ ನ್ಯಾಯಾನ್ಯಾಯ ಬೇರೆ ಮಾತು. ಚೂರುಗಳನ್ನು ಜೋಡಿಸಿದವರ ತಾಳ್ಮೆಗೆ ಕೈಮುಗಿಯೋಣ. ಆದರೆ ನನ್ನ ಪ್ರಶ್ನೆಗೆ ಮರಳಿ ಬನ್ನಿ. ಉಳಿದದ್ದು ಏನು? ಮರ ಉಳಿಯಿತು, ಬಣ್ಣ ಉಳಿಯಿತು, ಹದಿನೆಂಟು ಗುಂಡಿಗಳೂ ಉಳಿದವು. ಆ ಗುಂಡಿಗಳ ಮೇಲೆ ಶ್ರೀರಂಗಪಟ್ಟಣದಲ್ಲಿ ಯಾರು ಬೆರಳಾಡಿಸುತ್ತಿದ್ದರು? ಯಾವ ರಾಗ ನುಡಿಸುತ್ತಿದ್ದರು? ಮರ ಕಡಿದ ಬಡಗಿ, ಬಣ್ಣ ಬಳಿದ ಚಿತ್ರಗಾರ, ಕೊಳವೆಗೆ ಶ್ರುತಿ ಕೂಡಿಸಿದ ಕುಶಲಿ ಇವರ ಹೆಸರೇನು? ಹಡಗಿಗೆ ಏರಿಸಿದವರು ಯಂತ್ರವನ್ನು ಕೊಂಡುಹೋದರು. ಯಂತ್ರ ಬಲ್ಲವರನ್ನು ಕರೆದು ಕೇಳಿ ಬರೆದುಕೊಳ್ಳಲಿಲ್ಲ. ಹುಲಿ ಸಾವಿರಾರು ಮೈಲಿ ಕ್ಷೇಮವಾಗಿ ಹೋಯಿತು. ಹಾಡು ಊರ ಬಾಗಿಲನ್ನೂ ದಾಟಲಿಲ್ಲ.

ಇಷ್ಟು ದೊಡ್ಡವರ ತಪ್ಪನ್ನು ಎತ್ತಿ ಆಡುವ ನಾನೂ ಅದೇ ತಪ್ಪನ್ನು ಮಾಡಿದವನೇ. ಕೆಲವು ವರ್ಷಗಳ ಹಿಂದೆ ಕುಷ್ಟಗಿಯ ಕಡೆಯ ಒಂದು ಹಳ್ಳಿಯಲ್ಲಿ ಹಳೆಯ ಮನೆ ಕೆಡವುತ್ತಿದ್ದರು. ಅಟ್ಟದ ಮೇಲೆ ಒಂದು ಬಯಸ್ಕೋಪ್ ಪೆಟ್ಟಿಗೆ ಇದೆ, ತಗಡಿನ ತೂಕಕ್ಕೆ ಗುಜರಿಯವನಿಗೆ ಹೋಗುತ್ತದೆ ಎಂದು ನನ್ನ ವಿದ್ಯಾರ್ಥಿಯೊಬ್ಬ ಸುದ್ದಿ ತಂದ. ನಿಮ್ಮಲ್ಲಿ ಹಿರಿಯರಿಗೆ ಆ ಪೆಟ್ಟಿಗೆ ಗೊತ್ತು. ಬಣ್ಣ ಬಳಿದ ತಗಡಿನ ಮೈ; ಸುತ್ತಲೂ ನಾಲ್ಕು ದುಂಡು ಕಿಂಡಿ, ಕಿಂಡಿಗೆ ಗಾಜು; ಒಳಗೆ ಎರಡು ಉರುಳೆಗೆ ಸುತ್ತಿದ ಚಿತ್ರಗಳ ಸುರುಳಿ. ಮೇಲೊಂದು ತಾಳ ಹಾಕುವ ಪುಟ್ಟ ಬೊಂಬೆ. ಕಾಸು ಕೊಟ್ಟು ಕಿಂಡಿಗೆ ಕಣ್ಣಿಟ್ಟರೆ ಡಿಲ್ಲಿಯ ಕುತುಬ್ ಮಿನಾರು, ಆಗ್ರಾದ ತಾಜಮಹಲು, ನಮ್ಮ ಹಂಪಿಯ ಕಲ್ಲಿನ ರಥ ಎಲ್ಲವೂ ಸಾಲಾಗಿ ಬರುತ್ತಿದ್ದವು. ನಾನು ಆ ಕ್ಷಣವೇ ಹೊರಟೆ. ಗುಜರಿಯವನು ಹೇಳಿದ ಬೆಲೆಗಿಂತ ನಾಲ್ಕು ಕಾಸು ಹೆಚ್ಚು ಕೊಟ್ಟು ಪೆಟ್ಟಿಗೆಯನ್ನು ಕೊಂಡೆ.

ಸಾಮಾನು ಸಾಗಿಸುವ ಆಟೋದಲ್ಲಿ ಹುಲ್ಲು ಹಾಸಿ, ಹಗ್ಗದಿಂದ ಬಿಗಿದು ಕಟ್ಟಿಸುತ್ತಿರುವಾಗ, ಆ ಮನೆಯ ಮುದುಕಿ ಕೋಲೂರಿಕೊಂಡು ಬಂದಳು. ಪೆಟ್ಟಿಗೆ ಆಕೆಯ ಗಂಡನದಾಗಿತ್ತು. ಆಕೆ ನನ್ನನ್ನೊಮ್ಮೆ, ಪೆಟ್ಟಿಗೆಯನ್ನೊಮ್ಮೆ ನೋಡಿ ಕೇಳಿದಳು:

"ಪೆಟ್ಟಿಗಿ ಒಯ್ಯಾಕತ್ತೀರಿ ಮಾಸ್ತರ. ಪದಾ ಯಾರು ಒಯ್ಯೋರ್ರಿ?"

"ಯಾವ ಪದ ಯವ್ವಾ?" ಎಂದೆ.

"ಚಿತ್ರಾ ಸುಮ್ನ ತಿರಗತಾವೇನ್ರಿ? ನಮ್ಮ ಮನಿಯವ್ರು ಒಂದೊಂದಕ್ಕ ಒಂದೊಂದು ಪದಾ ಹೇಳತಿದ್ರು. ಪದಾ ಇಲ್ದ ಅದೇನ್ರಿ, ಬರೇ ತಗಡು."

ಕತ್ತಲಾಗುವುದರೊಳಗೆ ಊರು ಸೇರಬೇಕೆಂಬ ಅವಸರ ನನಗೆ. ರಜೆಯಲ್ಲಿ ಬಂದು ಬರೆದುಕೊಳ್ಳುತ್ತೇನೆಂದು ಹೇಳಿ ಹೊರಟೆ. ದಾರಿಯುದ್ದಕ್ಕೂ ಗಾಡಿ ಕುಲುಕಿತು. ಮನೆಗೆ ಬಂದು ಬಿಚ್ಚಿ ನೋಡುತ್ತೇನೆ: ಹೊರಗಿನ ಮೈಗೆ ಒಂದು ಗೀರೂ ಇಲ್ಲ, ಒಳಗಿನ ಉರುಳೆ ಕಳಚಿ ಅತ್ತಿತ್ತ ಹೊರಳಿ ಸುರುಳಿಯನ್ನು ಎರಡು ಕಡೆ ಹರಿದಿದೆ. ಹೊರಗೆ ಕಟ್ಟಿದ್ದೆ, ಒಳಗೆ ಕಟ್ಟಿರಲಿಲ್ಲ. ರಜೆಗೆ ಮತ್ತೆ ಹೋದೆ. ಮುದುಕಿ ಪಾಪ, ಅಂಗಳದಲ್ಲಿ ಕುಳಿತು ಕಣ್ಣುಮುಚ್ಚಿ ನೆನಪಿಸಿಕೊಂಡು ಹಾಡಿದಳು. ಹನ್ನೆರಡು ಚಿತ್ರಗಳಲ್ಲಿ ಏಳಕ್ಕೆ ಪದ ಸಿಕ್ಕಿತು. ಉಳಿದ ಐದು ಆಕೆಯ ಗಂಡನೊಡನೆ ಹೋಗಿದ್ದವು. ಹರಿದ ಸುರುಳಿಯನ್ನು ಬಟ್ಟೆ ಅಂಟಿಸಿ ಸರಿಮಾಡಿದೆ. ಆ ಐದು ಪದಗಳಿಗೆ ಅಂಟಿಸುವ ಬಟ್ಟೆ ಎಲ್ಲಿಂದ ತರಲಿ? ಆಕೆ ಕೇಳಿದ ದಿನವೇ ನಿಂತು ಬರೆದುಕೊಂಡಿದ್ದರೆ ಎಂಟನೆಯದೊಂದು ಸಿಕ್ಕುತ್ತಿತ್ತೋ ಏನೋ ಎಂಬ ಕೊರಗು ಇಂದಿಗೂ ಇದೆ.

ಇದಕ್ಕೆ ಎದುರಾದ ಮಾದರಿಯೂ ನಮ್ಮ ಜಿಲ್ಲೆಯಲ್ಲೇ ಇದೆ. ಕೊಪ್ಪಳ ತಾಲ್ಲೂಕಿನ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರ ಹೆಸರನ್ನು ನೀವು ಕೇಳಿದ್ದೀರಿ. ತೊಗಲುಬೊಂಬೆಯಾಟಕ್ಕಾಗಿ 2025ರಲ್ಲಿ, ತೊಂಬತ್ತು ದಾಟಿದ ವಯಸ್ಸಿನಲ್ಲಿ, ಅವರಿಗೆ ಪದ್ಮಶ್ರೀ ಸಂದಿತು. ಅವರ ಮನೆತನದಲ್ಲಿ ಬೊಂಬೆ ಒಂದೇ ಉಳಿದದ್ದಲ್ಲ. ಬೊಂಬೆ ಆಡಿಸುವ ಕೈ, ಹಾಡುವ ದನಿ, ರಾಮಾಯಣ ಮಹಾಭಾರತಗಳ ಕಥೆ ಎಲ್ಲವೂ ಒಟ್ಟಿಗೆ ತಲೆಯಿಂದ ತಲೆಗೆ ಇಳಿದು ಬಂದಿವೆ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಎಂ. ಎಸ್. ನಂಜುಂಡರಾಯರು ನಾಡಿನ ಹಳೆಯ ತೊಗಲುಬೊಂಬೆಗಳನ್ನು ಕೂಡಿಹಾಕಿದರು. ಅಷ್ಟಕ್ಕೇ ನಿಲ್ಲದೆ ಆ ಕಲೆಯನ್ನು ಕುರಿತು ಗ್ರಂಥವನ್ನೂ ಬರೆದರು. ಉಳಿಸುವುದೆಂದರೆ ಹೀಗೆ ಎರಡು ಕೈಯಿಂದ ಉಳಿಸಬೇಕು: ಒಂದು ಕೈಯಲ್ಲಿ ವಸ್ತು, ಇನ್ನೊಂದರಲ್ಲಿ ಲೇಖನಿ.

ನಿಮ್ಮ ಮನೆಯ ಅಟ್ಟದ ಮೇಲೂ ಏನೋ ಒಂದು ಇದ್ದೇ ಇದೆ. ತಾತನ ಗ್ರಾಮೊಫೋನು, ಹಳೆಯ ಗೋಡೆ ಗಡಿಯಾರ, ಎಲ್ಲಕ್ಕಿಂತ ಮೊದಲು, ಒಂದು ಕಾಲಕ್ಕೆ ಓಣಿಯ ಜನರನ್ನೆಲ್ಲ ಪಡಸಾಲೆಗೆ ಕರೆತಂದ ವಾಲ್ವ್ ರೇಡಿಯೋ. ಅದನ್ನು ಇಳಿಸುವ ದಿನ ಬಂದರೆ ನನ್ನ ಅನುಭವದ ಮೂರು ನಾಲ್ಕು ಮಾತು ಕೇಳಿ. ಎತ್ತುವ ಮೊದಲು ಇದ್ದ ಹಾಗೆಯೇ ನಾಲ್ಕೂ ಕಡೆಯಿಂದ ಫೋಟೋ ತೆಗೆದಿಡಿ. ಒಳಗೆ ಅಲುಗುವುದನ್ನೆಲ್ಲ ಬಟ್ಟೆ ತುರುಕಿ ಅಲುಗದಂತೆ ಮಾಡಿ. ಬಿಚ್ಚಿದ ಪ್ರತಿ ತುಂಡಿಗೂ ಅಂಕಿ ಬರೆದ ಚೀಟಿ ಕಟ್ಟಿ. ಗಾಜನ್ನೂ ವಾಲ್ವುಗಳನ್ನೂ ಬೇರೆಯಾಗಿ ಸುತ್ತಿ ಕೈಯಲ್ಲೇ ಹಿಡಿದು ತನ್ನಿ. ಮನೆಗೆ ತಂದೊಡನೆ ವಿದ್ಯುತ್ತಿಗೆ ಜೋಡಿಸುವ, ಕೀಲಿ ತಿರುವುವ ಆತುರ ಬೇಡ. ಎಷ್ಟೋ ವರ್ಷ ಒಣಗಿ ಕುಳಿತ ಭಾಗಗಳು ಒಮ್ಮೆಗೇ ಸುಟ್ಟೋ ಮುರಿದೋ ಹೋಗುತ್ತವೆ. ಬಲ್ಲವರಿಗೆ ಮೊದಲು ತೋರಿಸಿ.

ಇವೆಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದು. ಒಂದು ನೋಟುಬುಕ್ಕು ಹಿಡಿದು ಮನೆಯ ಹಿರಿಯರ ಹತ್ತಿರ ಕುಳಿತುಕೊಳ್ಳಿ. ಇದನ್ನು ಯಾರು ತಂದರು, ಯಾವ ಊರಿಂದ, ಯಾವ ವರ್ಷ? ಇದರ ಮುಂದೆ ಯಾರು ಯಾರು ಕೂಡುತ್ತಿದ್ದರು? ಮೊದಲ ದಿನ ಏನು ಕೇಳಿದಿರಿ? ಹಿಂದೆ ರೇಡಿಯೋಗೆ ಲೈಸೆನ್ಸು ಬೇಕಾಗಿತ್ತು; ಅಂಚೆ ಕಚೇರಿಯಲ್ಲಿ ಹಣ ಕಟ್ಟಿ ಪುಸ್ತಕದಲ್ಲಿ ಚೀಟಿ ಅಂಟಿಸಿಕೊಂಡು ಬರಬೇಕಾಗಿತ್ತು. ಆ ಪುಸ್ತಕ ಹಳೆಯ ಟ್ರಂಕಿನ ತಳದಲ್ಲಿದ್ದರೆ ಹುಡುಕಿ ರೇಡಿಯೋದ ಜೊತೆಗೇ ಇಡಿ. ಮುಂದೆ ನಿಮ್ಮ ಮೊಮ್ಮಗ ಆ ಪೆಟ್ಟಿಗೆಯನ್ನು ತೆರೆದಾಗ ಅವನಿಗೆ ಮರ, ತಂತಿಗಳ ಜೊತೆಗೆ ಒಂದು ಮನೆಯೂ ಸಿಗುತ್ತದೆ.

ಲಂಡನ್ನಿನ ಗಾಜಿನ ಪೆಟ್ಟಿಗೆಯೊಳಗೆ ನಮ್ಮ ಹುಲಿ ಇದೆ. ಅದನ್ನು ನಾನು ನೋಡಿದವನಲ್ಲ. ನೋಡುವ ಯೋಗವೂ ಇದ್ದಂತಿಲ್ಲ. ಆದರೆ ಬಯಸ್ಕೋಪ್ ಪೆಟ್ಟಿಗೆ ನನ್ನ ಮನೆಯ ಪಡಸಾಲೆಯಲ್ಲಿದೆ. ಓಣಿಯ ಹುಡುಗರು ಬಂದಾಗ ಸುರುಳಿಯನ್ನು ತಿರುವುತ್ತೇನೆ. ಏಳು ಚಿತ್ರಗಳಿಗೆ ಆ ಮುದುಕಿಯ ಪದ ಹಾಡುತ್ತೇನೆ. ನನ್ನ ಕಂಠ ಅಷ್ಟಕ್ಕಷ್ಟೆ. ಐದು ಚಿತ್ರಗಳು ಬಂದಾಗ ಸುಮ್ಮನಾಗುತ್ತೇನೆ. ಹುಡುಗರು ತಲೆಯೆತ್ತಿ, "ಸರ್, ಇದಕ್ಕ ಪದಾ ಇಲ್ಲೇನ್ರಿ?" ಎಂದು ಕೇಳುತ್ತಾರೆ. ಇತ್ತು ಎಂದು ಹೇಳಿ ಉರುಳೆಯನ್ನು ಮುಂದಕ್ಕೆ ತಿರುವುತ್ತೇನೆ.